ಎರಡು ಬೀರುಗಳ ಮೇಡಂ

ಮೇಡಂ ಅವರ ಬೈತಲೆಗೆ ಅಡ್ಡವಾಗಿ ಸದಾ ಒಂದು ಗೆರೆ ಇರುತ್ತಿತ್ತು. ದಿನವಿಡೀ ಹೆಡ್‌ಫೋನ್ ಹಾಕಿ ಹಾಕಿ ಅಲ್ಲಿ ಕೂದಲು ತಗ್ಗಿಹೋಗಿತ್ತು. ಕ್ಲಾಸಿಗೂ ಹಾಗೇ ಹೋಗುತ್ತಿದ್ದರು.

ತುಮಕೂರಿನ ಕಾಲೇಜಿನಲ್ಲಿ ಅವರು ನನ್ನ ಗೈಡ್. ಎರಡು ಸಾವಿರದ ಇಸವಿ ಕಳೆದ ಹೊಸತು. ರೈತ ಫೋನಿನಲ್ಲಿ ಕನ್ನಡ ಮಾತಾಡಿದರೆ ಕಂಪ್ಯೂಟರಿಗೆ ತಿಳಿಯಬೇಕು, ಅದೇ ನಮ್ಮ ಪ್ರಾಜೆಕ್ಟು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅಪ್ಪ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ, "ನಮ್ ಹೈದ ಕಂಪೂಟ್ರುಗೆ ಕನ್ನಡ ಕಲಿಸ್ತಾವ್ನೆ" ಎನ್ನುತ್ತಿದ್ದ.

ಕಲಿಸಲು ಜನರ ದನಿ ಬೇಕು. ಗುಬ್ಬಿ, ಕುಣಿಗಲ್, ಊರ್ಡಿಗೆರೆ ಸುತ್ತಿ, ಟೇಪ್ ರೆಕಾರ್ಡರ್ ಮುಂದೆ ಅಂಕಿ, ಬೆಳೆಗಳ ಹೆಸರು ಹೇಳಿಸುತ್ತಿದ್ದೆವು. ಕುಣಿಗಲ್ ಕಡೆಯ ಅಜ್ಜಿಯೊಬ್ಬಳು, "ಏನ್ಲಾ, ಒಂದು ಎರಡು ಎಣ್ಸಾಕೂ ಬರದಿರೋ ಮಿಸೀನು ಕಟ್ಕಂಡು ಬಂದಿದೀರಾ?" ಅಂದಳು. ಮೇಡಂ ಬಿದ್ದು ಬಿದ್ದು ನಕ್ಕರು. "ಹೂಂ ಕಣಜ್ಜಿ, ದಡ್ಡ ಮಿಷನ್ನು. ನೀನೇ ಮೇಷ್ಟ್ರು."

ಕ್ಯಾಸೆಟ್ಟುಗಳಿಗೆ ಎರಡು ಬೀರು. ಒಂದರಲ್ಲಿ ಕಂಪ್ಯೂಟರಿಗೆ ಪಾಠ ಹೇಳುವ ದನಿಗಳು, ಇನ್ನೊಂದರಲ್ಲಿ ಅದು ಕಲಿತಿದೆಯೇ ಎಂದು ನೋಡುವ ಪರೀಕ್ಷೆಯವು. ಪಾಠಕ್ಕೆ ಬಂದವರು ಪರೀಕ್ಷೆಗೆ ಬರಕೂಡದು. "ಗೊತ್ತಿರೋರ ದನಿ ಯಾರ್ ಬೇಕಾದ್ರೂ ಹಿಡೀತಾರೆ. ನಾಳೆ ಫೋನ್ ಮಾಡೋನು ಗೊತ್ತಿಲ್ದೋನು ಕಣೋ" ಎನ್ನುತ್ತಿದ್ದರು ಮೇಡಂ.

ಅವರ ಜೊತೆ ಕೆಲಸ ಮಾಡಿ ತಲೆ ಕೆಟ್ಟುಹೋಗುತ್ತಿತ್ತು. ಲಾರಿ ಹಾರ್ನ್ ಸೇರಿಕೊಂಡ ಟೇಪನ್ನೂ ಎಸೆಯಲು ಬಿಡರು. ಒಂದು ತಪ್ಪು ಕಂಡರೆ ವಾರವಿಡೀ ಅಲ್ಲೇ. ರಿವ್ಯೂ ಕಮಿಟಿ ಬರುವ ತಿಂಗಳಾದರೂ ಪರೀಕ್ಷೆ ಬೀರು ಅರ್ಧ ಖಾಲಿ. ಕಮಿಟಿ ಒಪ್ಪದಿದ್ದರೆ ಪ್ರಾಜೆಕ್ಟೂ ಇಲ್ಲ, ನನ್ನ ಕೆಲಸವೂ ಇಲ್ಲ. ನಾನೊಬ್ಬನೇ ಕುಣಿಗಲ್ಲಿಗೆ ಹೋಗಿ, ಪಾಠಕ್ಕೆ ದನಿ ಕೊಟ್ಟಿದ್ದ ಹಳಬರಿಂದಲೇ ಇನ್ನೊಮ್ಮೆ ಹೇಳಿಸಿ ತಂದು ಬೀರು ತುಂಬಿದೆ. ಗೊತ್ತಿದ್ದೇ ತುಂಬಿದೆ.

ಫಲಿತಾಂಶ ಜಿಗಿಯಿತು. ಡಿಪಾರ್ಟ್‌ಮೆಂಟಿನವರೆಲ್ಲ ಬೆನ್ನು ತಟ್ಟಿದರು. ಮೇಡಂ ಮಾತ್ರ ಟೇಪ್ ಕೇಳುತ್ತಾ ಕೂತರು. ಆಮೇಲೆ ಕರೆದರು.

"ಮೂರು ಅನ್ನೋಕ್ ಮುಂಚೆ ಕೆಮ್ಮೋ ಅಜ್ಜಿ, ಪಾಠದಲ್ಲೂ ಇದಾಳಲ್ಲೋ?"

ನಾನು ಕ್ಯಾಸೆಟ್ಟಿನ ಮೇಲಿನ ತಾರೀಖು ನೋಡಿದೆ.

"ಬೇರೆ ದಿನ ಹೇಳ್ಸಿದ್ರೆ ಸಾಕು ಅಂದ್ಕೊಂಡ್ಯಾ?"

"ಹೂಂ ಮೇಡಂ."

ಆ ದನಿಗಳನ್ನೆಲ್ಲ ತೆಗೆಸಿ ಮತ್ತೆ ಪರೀಕ್ಷೆ ಮಾಡಿಸಿದರು. ಫಲಿತಾಂಶ ನೆಲ ಕಚ್ಚಿತು. "ಇದೊಂದ್ ಸಲ ಹೋಗ್ಲಿ ಮೇಡಂ, ಆಮೇಲೆ ಸರಿ ಮಾಡೋಣ" ಎಂದು ಗೋಗರೆದೆ.

"ರೈತ ರಾಗಿ ಅಂದಾಗ ಇದು ರೇಷ್ಮೆ ಅಂದ್ರೆ, ಫೋನಲ್ಲಿ ನೀನ್ ಕೂತಿರ್ತೀಯೇನೋ ಸರಿ ಮಾಡಕ್ಕೆ?"

ಕಮಿಟಿಯ ಮುಂದೆ ಕುಸಿದ ಅಂಕಿಯನ್ನೇ ಹೇಳಿದರು. ಯಾರೂ ಕೇಳದಿದ್ದರೂ ಮೊದಲ ಅಂಕಿಯ ಕತೆಯನ್ನೂ ಹೇಳಿದರು. "ಹುಡುಗ ತಿಳೀದೆ ಮಾಡಿದಾನೆ. ನಾನು ನೋಡ್ಬೇಕಿತ್ತು, ತಪ್ಪು ನನ್ನದು." ನಾನು ಪಕ್ಕದಲ್ಲೇ ನಿಂತಿದ್ದೆ.

ಪ್ರಾಜೆಕ್ಟು ನಿಂತಿತು. "ಯಾಕ್ಲಾ ಮನೆಗ್ ಬಂದೆ, ಕಂಪೂಟ್ರು ಎಲ್ಲಾ ಕಲ್ತ್‌ಬುಡ್ತಾ?" ಎಂದ ಅಪ್ಪ. ತುಮಕೂರಿನದೇ ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಬಿಲ್ ಟೈಪ್ ಮಾಡುವ ಕೆಲಸಕ್ಕೆ ಸೇರಿದೆ. ಬಾಯಿ ಮುಚ್ಚಿಕೊಂಡಿದ್ದರೆ ಮೇಡಂ ಗಂಟೇನು ಹೋಗುತ್ತಿತ್ತು ಎಂದು ವರ್ಷಗಟ್ಟಲೆ ಉರಿದುಕೊಂಡೆ. ಉಪ್ಪಾರಹಳ್ಳಿಯ ಅವರ ಮನೆ ಮುಂದೆಯೇ ಓಡಾಡಿದರೂ ಒಮ್ಮೆಯೂ ಒಳಗೆ ಹೋಗಲಿಲ್ಲ.

ಒಂದು ದಿನ ಮೇಡಂ ರಸ್ತೆಯಲ್ಲೇ ಹಿಡಿದರು. ತುಂಬ ಇಳಿದುಹೋಗಿದ್ದರು. "ಮತ್ತೆ ಶುರು ಮಾಡ್ತಿದೀನಿ. ಬರ್ತೀಯೇನೋ? ನಂಬಿಕಸ್ಥರು ಬೇಕು ಕಣೋ."

"ನೋಡ್ತೀನಿ ಮೇಡಂ" ಎಂದು ಜಾರಿಕೊಂಡೆ. ಆ ಬೇಸಿಗೆ ಕಳೆಯುವಷ್ಟರಲ್ಲಿ ಅವರು ತೀರಿಕೊಂಡರು.

ಅವರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ತಿಳಿದೇ ಮಾಡಿದ್ದೆ ಎಂದು ಅವರಿಗೆ ನಾನು ಹೇಳಲೇ ಇಲ್ಲ. ನನ್ನನ್ನು ನಂಬಿಕೊಂಡೇ ಹೋದರು.