ತೊಟ್ಟಿಗೆ ಇಳಿಯುವ ಮುನ್ನ

ಪೋರ್ಚುಗಲ್‌ನ ಡೌರೊ ಕಣಿವೆಯ ಹಳೆಯ ಗುಡ್ಡದೂರಿನಲ್ಲಿ, ದ್ರಾಕ್ಷಿ ತುಂಬಿದ ಕಲ್ಲುತೊಟ್ಟಿಯೆದುರು ನಮ್ಮತ್ತೆ ಸೀರೆ ಎತ್ತಿ ಕಟ್ಟಿಕೊಂಡು ನಿಂತೇಬಿಟ್ಟರು. ವೈನಿಗಾಗಿ ಹಣ್ಣು ತುಳಿಯಲು ಅಲ್ಲಿನ ತೋಟದವರು ನಮ್ಮಂಥ ಪ್ರವಾಸಿಗರನ್ನೂ ಕರೆದಿದ್ದರು. ನಾನಂತೂ ಮೊದಲೇ ಧುಮುಕಿದ್ದೆ. ಅಕ್ಕಲಕೋಟದ ನಮ್ಮ ತೋಟದಲ್ಲಿ ಹಣ್ಣಿಗೆ ಬೆರಳೂ ತಾಗದಂತೆ ತೊಟ್ಟು ಹಿಡಿದು ಗೊಂಚಲು ಕೊಯ್ಯುವವರು ಅತ್ತೆ.

“ತಿನ್ನೂ ಹಣ್ಣಿಗಿ ಕಾಲ್ ಹೆಂಗ ಹಚ್ಚಲೆವಾ?” ಎಂದರು.

ತೊಟ್ಟಿಯಲ್ಲಿದ್ದ ಅಲ್ಲಿನ ತೋಟದೊಡತಿ ಅಜ್ಜಿ ಕೈ ಚಾಚಿದರು. ಅತ್ತೆ ಬಗ್ಗಿ ದ್ರಾಕ್ಷಿ ಮುಟ್ಟಿ ಕಣ್ಣಿಗೊತ್ತಿಕೊಂಡು, “ತಪ್ಪಾತ್ ತಾಯಿ, ಮಾಫ್ ಮಾಡು” ಎಂದು ಇಳಿದರು. ಅಜ್ಜಿ ತುಳಿಯುವುದನ್ನು ನಿಲ್ಲಿಸಿ, ತಾವೂ ಬಗ್ಗಿ, ರಸಕ್ಕೆ ಕೆಂಪಾದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಇಬ್ಬರೂ ಹೆಗಲು ಹಿಡಿದು ತುಳಿದರು.

ಊರಿಗೆ ಮರಳಿದ ಮೇಲೆ, ತೋಟದಲ್ಲಿ ಉದುರಿದ ದ್ರಾಕ್ಷಿ ಕಾಲಿಗೆ ತಾಗಿದರೆ ನಾನೂ ಬಗ್ಗುತ್ತೇನೆ.