ಕೊಳ್ಳ ಕೇಳಿದ ಹೆಸರು

ನರಗುಂದದಿಂದ ಹೊರಟ ಬಂಡಿ ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಎತ್ತುಗಳೇ ತೀರ್ಮಾನಿಸುತ್ತಿದ್ದ ಕಾಲವದು. ನನಗಾಗ ಎಂಟು ವರ್ಷ. ಮುನವಳ್ಳಿಯ ಸೋದರತ್ತೆಯ ಮನೆಗೆ ಹೊರಟವರು ಸಂಜೆ ನವಿಲುತೀರ್ಥದ ಕೊಳ್ಳದ ಮೇಲೆ ಬಂಡಿ ಬಿಟ್ಟೆವು. ಗುಡ್ಡವನ್ನು ಸೀಳಿಕೊಂಡು ಮಲಪ್ರಭೆ ಕೆಳಗೆ ಮೊರೆಯುತ್ತಿತ್ತು. ಬಂಡೆಗಳ ನೆತ್ತಿಯ ಮೇಲೆ ಮಾತ್ರ ಬಿಸಿಲು ಉಳಿದಿತ್ತು.

ಅಜ್ಜಿಯ ಆಡಳಿತದಲ್ಲಿ ಎಲ್ಲಕ್ಕೂ ಒಂದು ವೇಳೆ. ದಾರಿಯಲ್ಲೂ ಅದು ತಪ್ಪಲಿಲ್ಲ. ಮೊದಲು ಎತ್ತಿಗೆ ಕಣಿಕೆ, ಆಮೇಲೆ ನೀರು, ಆಮೇಲೆ ಊಟ. ಅಪ್ಪನ ಕೈಗೆ ಕೊಡ ಕೊಟ್ಟಳು.

"ಲಗೂ ಬಾ. ಹೊತ್ತ ಮುಣುಗೂದ್ರೊಳಗ ಉಣಬೇಕು."

ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಿಚ್ಚಿಟ್ಟುಕೊಂಡು ಕುಳಿತೆವು. ಹೊತ್ತು ಮುಳುಗಿತು. ಅಪ್ಪ ಬರಲಿಲ್ಲ.

ಅಂಚಿಗೆ ಹೋಗಿ ನೋಡಿದರೆ ಕೊಳ್ಳದ ತಳ ಆಗಲೇ ಕಪ್ಪಾಗಿತ್ತು. "ಅಪ್ಪಾ" ಎಂದು ಕೂಗಿದೆ. ನನ್ನ ಸಣ್ಣ ದನಿ ನೀರಿನ ಸದ್ದಿಗೆ ಸಾಲಲಿಲ್ಲ. ಅಜ್ಜಿ ಕೂಗಲು ಹೋಗಿ ಕೆಮ್ಮಿದಳು. ಅವ್ವ ಸೆರಗು ಸರಿಮಾಡಿಕೊಂಡು, ಪಕ್ಕದಲ್ಲಿದ್ದವರನ್ನು ಕರೆದಂತೆ, "ಏನ್ರೀ... ಕೇಳಿದ್ರೇನ್ರೀ..." ಎಂದಳು.

"ಏನ್ರೀ ಅಂದ್ರ ನವಿಲ ಓ ಅಂತಾವೇನ?" ಅಜ್ಜಿ ಗದರಿದಳು. "ಹೆಸರ ಹಿಡದ ಒದರ!"

"ಹ್ಯಾಂಗ್ರಿ ಅತ್ತಿ? ಹೆಂಡತಿ ಗಂಡನ ಹೆಸರ ಹಿಡದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನೀವ ಅಂದಿದ್ರಿ."

"ಈಗ ಒದರದಿದ್ರ ಕಡಿಮಿ ಆಕ್ಕೈತಿ! ಒದರ ಅಂತೀನಿ!"

ಅವ್ವ ಕಣ್ಣು ಮುಚ್ಚಿದಳು.

"ಈರಪ್ಪಾ!"

ಹೊಲದಲ್ಲಿ ಹಕ್ಕಿ ಓಡಿಸಿ ಪಳಗಿದ ಗಂಟಲು ಅದು. ಈಚೆ ಗುಡ್ಡ ಆಚೆ ಗುಡ್ಡಕ್ಕೆ ಹೇಳಿತು, ಅದು ಮತ್ತೆ ಇದಕ್ಕೆ. ಸ್ವಲ್ಪ ಹೊತ್ತಿಗೆ ಬಹಳ ಕೆಳಗಿನಿಂದ "ಓ" ಬಂತು. ಹಿಂದೆಯೇ, "ಕರಕೋತ ಇರು, ದಾರಿ ಕಾಣವಲ್ದು!"

ಅವ್ವ ಕರೆಯುತ್ತಲೇ ಇದ್ದಳು. ಬರಬರುತ್ತ ದನಿಯಲ್ಲಿದ್ದ ನಡುಕ ಹೋಯಿತು. ಆ ದನಿ ಹಿಡಿದುಕೊಂಡೇ ಅಪ್ಪ ಬಂಡೆ ಹತ್ತಿ ಬಂದ. ಮೊಣಕಾಲು ತರಚಿತ್ತು, ಕೊಡ ಹೊಳೆಯ ಪಾಲಾಗಿತ್ತು. ಅವನ ರುಮಾಲು ಕಂಡದ್ದೇ ತಡ, ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂಡಿಯ ಹಿಂದೆ ಓಡಿದಳು.

ರೊಟ್ಟಿ ಮುರಿಯುತ್ತ ಅಪ್ಪ ಅಜ್ಜಿಗೆ ಹೇಳಿದ, ಬಂಡಿಯ ಹಿಂದಕ್ಕೂ ಕೇಳುವಂತೆ: "ಯವ್ವಾ, ನನ್ನ ಹೆಸರ ಇಷ್ಟ ಚಂದ ಐತಿ ಅಂತ ಇವತ್ತ ಗೊತ್ತಾತ ನೋಡ."

"ಸುಮ್ನ ಉಣ್ಣ. ಕೊಡ ಕಳಕೊಂಡ ಬಂದಾನ, ಮ್ಯಾಲ ಮಾತ ಬ್ಯಾರೆ!"

ಬಂಡಿಯ ಹಿಂದಿನಿಂದ ಬಳೆ ಸದ್ದಾಯಿತು. ಅವ್ವ ನಗುತ್ತಿದ್ದಳು.

ಅವಳು ಮತ್ತೆಂದೂ ಆ ಹೆಸರು ಹಿಡಿಯಲಿಲ್ಲ. ಯಾರಾದರೂ ಗಂಡನ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ಅಪ್ಪನ ಆಯುಷ್ಯವೇನೂ ಕಡಿಮೆಯಾಗಲಿಲ್ಲ; ಮೊಮ್ಮಕ್ಕಳ ಮದುವೆ ನೋಡಿಯೇ ಹೋದ. ಕೊಳ್ಳಕ್ಕೆ ಅಡ್ಡಲಾಗಿ ಈಗ ಅಣೆಕಟ್ಟು ನಿಂತಿದೆ. ನಮ್ಮ ಹೊಲಕ್ಕೂ ಅದರದೇ ನೀರು, ದೂರಲಾರೆ. ಆದರೆ ಅವ್ವನ ಬಾಯಲ್ಲಿ ಅಪ್ಪನ ಹೆಸರು ಹೇಗಿತ್ತೆಂದು ಬಲ್ಲವರಲ್ಲಿ ಉಳಿದವಳು ನಾನೊಬ್ಬಳೇ.