ಗೊರಸು ನಿಲ್ಲುವ ಮೆಟ್ಟಿಲು

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದ ಕೂಡಲೇ ಕೆಲಸ ಆರಂಭವಾಯಿತು. ಹಳೆಯ ಬದಿಗಳಿಗೆ ಹೊಸ ಕಾಂಕ್ರೀಟು ಬಳಿದು ನುಣುಪು ಮಾಡುವ ಕೆಲಸ. ನಿವೃತ್ತ ಮುಖ್ಯೋಪಾಧ್ಯಾಯಿನಿ ಸುಂದ್ರಮ್ಮನವರ ತಕರಾರು ಅದಕ್ಕಿರಲಿಲ್ಲ. ಆದರೆ ಅವರ ತಂದೆ ಕಟ್ಟಿಸಿದ ಮೆಟ್ಟಿಲುಗಳನ್ನೂ ಮುಚ್ಚುತ್ತಿದ್ದರು. ದೋರನಹಳ್ಳಿ ಕಡೆಯವು ಆಗಲೇ ಮುಚ್ಚಿಹೋಗಿದ್ದವು. ಇನ್ನು ವನದುರ್ಗದ ಬಳಿಯದಷ್ಟೇ ಉಳಿದಿತ್ತು. ಇದನ್ನು ಕೇಳಿದ ಸುಂದ್ರಮ್ಮನವರಿಗೆ ಮೈಯೆಲ್ಲ ಉರಿಯಿತು.

ತಂದೆ ತಿಮ್ಮಣ್ಣನವರು ಎಂಬತ್ತರ ದಶಕದಲ್ಲಿ ಇದೇ ಕಾಲುವೆಯ ಜೂನಿಯರ್ ಇಂಜಿನಿಯರ್. ಮೊದಲ ಸಲ ನೀರು ಹರಿದ ವರ್ಷ, ಕುಡಿಯಲು ಬಗ್ಗಿದ ಟಗರೊಂದು ಜಾರಿ ಬಿತ್ತು. ಅದರ ಹಿಂದೆ ಹಿಂಡಿಗೆ ಹಿಂಡೇ ಇಳಿಯಿತು. ಎಳೆದು ತರಲು ಧುಮುಕಿದ ಕುರಿಗಾರನೂ ಮೇಲೆ ಬರಲಿಲ್ಲ. ಅವನಿಗೆ ಈಜು ಬರುತ್ತಿತ್ತು. ಬದಿಯಲ್ಲಿ ಕೈಗೆ ಹಿಡಿತವೇ ಸಿಗಲಿಲ್ಲ. ಕುಡಿದು ಬಿದ್ದನೆಂದು ಬರೆದು ಮುಗಿಸಿ ಎಂದರು ಮೇಲಧಿಕಾರಿ. ಕಾಲುವೆಯ ದೋಷವೆಂದು ಬರೆದರು ತಿಮ್ಮಣ್ಣ. ಕುರಿಗಳ ದಾರಿ ಕಾಲುವೆಯನ್ನು ಮುಟ್ಟುವಲ್ಲೆಲ್ಲ ಅಗಲವಾದ, ಗೊರಸು ನಿಲ್ಲುವಂಥ ಒರಟುಗಲ್ಲಿನ ಮೆಟ್ಟಿಲು ಹಾಕಿಸಿದರು. ಅದಕ್ಕೆ ಸಿಕ್ಕ ಬಹುಮಾನ ವರ್ಗಾವಣೆ. ಬಡ್ತಿ ಕಾಣದೆ, ಜೂನಿಯರ್ ಇಂಜಿನಿಯರಾಗಿಯೇ ನಿವೃತ್ತರಾದರು. ಮೆಟ್ಟಿಲಿದ್ದ ಕಡೆ ಮಾತ್ರ ಆಮೇಲೆ ಕುರಿಯೂ ಮುಳುಗಲಿಲ್ಲ, ಮನುಷ್ಯನೂ ಮುಳುಗಲಿಲ್ಲ. ಸಂಶಯವಿದ್ದವರು ಆ ದಂಡೆಯ ಯಾರನ್ನಾದರೂ ಕೇಳಬಹುದು.

ಈಗಿನ ಇಂಜಿನಿಯರು ಸುಂದ್ರಮ್ಮನವರಿಗೆ ನಕ್ಷೆ ಬಿಚ್ಚಿ ತೋರಿಸಿದ.

“ಮೇಡಮ್, ಡ್ರಾಯಿಂಗ್‌ನ್ಯಾಗ ಮೆಟ್ಲಾ ಇಲ್ರಿ. ನೀರಿನ ಓಟಕ್ಕ ಅಡ್ಡ ಆಗ್ತಾವ್ರಿ.”

“ಡ್ರಾಯಿಂಗ್‌ನ್ಯಾಗ ಕುರಿ ಅದಾವೇನ್ರಿ ಸಾಹೇಬ್ರ? ಮನಷ್ಯಾರ?”

“ಮ್ಯಾಲ ತಂತಿಬೇಲಿ ಹಾಕ್ತೀವ್ರಿ.”

“ಬರೂ ವರ್ಷ ನಿಮ್ಮ ಬೇಲಿ ಗುಜರಿ ಅಂಗಡ್ಯಾಗ ಇರ್ತದ, ಹೋಗ್ರಿ!”

ಮರುದಿನ ಯಂತ್ರ ಬರುವಷ್ಟರಲ್ಲಿ ಬೀರಣ್ಣ ತನ್ನ ಹಿಂಡನ್ನು ವನದುರ್ಗದ ಮೆಟ್ಟಿಲ ಬಳಿ ಒಣ ಕಾಲುವೆಗೆ ಇಳಿಸಿ ಸುತ್ತ ಬಲೆ ಕಟ್ಟಿದ್ದ. ಅಂದು ಸತ್ತ ಕುರಿಗಾರನ ಮಗ ಅವನು. ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಸುಂದ್ರಮ್ಮ ಕುಳಿತಿದ್ದರು.

“ಏ, ಕುರಿ ಮ್ಯಾಲ ಹೊಡಿಯೋ!” ಗುತ್ತಿಗೆದಾರನ ಮೇಸ್ತ್ರಿ ಅಬ್ಬರಿಸಿದ.

“ನೀವ ಹೊಡ್ಕೋರಿ ಮೇಸ್ತ್ರಿ. ನಿಮ್ಮ ಹೊಸಾ ಗ್ವಾಡಿ ಮ್ಯಾಲ ಹತ್ತಸ್ರಿ, ನೋಡೂಣು,” ಎಂದು ಬೀರಣ್ಣ ಬಲೆ ಬಿಚ್ಚಿದ.

ಆಳುಗಳು ಕೋಲು ಬೀಸಿ ಅಟ್ಟಿದರು. ಕುರಿಗಳು ಹೊಸ ಕಾಂಕ್ರೀಟಿನ ಮೇಲೆ ನುಗ್ಗಿ, ಜಾರಿ, ಒಂದರ ಮೇಲೊಂದು ಉರುಳಿ ಬಂದವು. ಇನ್ನೊಮ್ಮೆ ಅಟ್ಟಿದರೂ ಅದೇ ಕಥೆ. ಮೇಸ್ತ್ರಿಯೇ ಹಿಂದೆ ಓಡಿ ಕುಂಡಿಯ ಮೇಲೆ ಜಾರಿ ಕೆಳಗೆ ಬಂದ. ಆಮೇಲೆ ಹಿಂಡು ತಾನಾಗಿ ಹಳೆಯ ಮೆಟ್ಟಿಲ ಕಡೆ ತಿರುಗಿ ಸರಸರ ಹತ್ತಿಹೋಯಿತು.

ಇಂಜಿನಿಯರು ನಕ್ಷೆ ಸುತ್ತಿದ. “ಆತ್ರಿ ಮೇಡಮ್. ಇದೊಂದು ಬಿಡ್ತೀವಿ.”

“ಇದೊಂದ?” ಸುಂದ್ರಮ್ಮ ಎದ್ದು ನಿಂತರು. “ದೋರನಹಳ್ಳ್ಯಾಗ ಬಿದ್ದೋರು ಇಲ್ಲಿಗಿ ಬಂದು ಹತ್ತಬೇಕೇನು? ಮುಚ್ಚಿದ್ದನ್ನ ಒಡೀರಿ, ಮತ್ತ ಕಟ್ರಿ. ನೀರು ಬಿಡೂದು ಆಮ್ಯಾಲ.”

“ಅದು ನನ್ನ ಕೈಯಾಗಿಲ್ರಿ.”

“ನಮ್ಮಪ್ಪನ ಕೈಯಾಗೂ ಇದ್ದಿದ್ದಿಲ್ಲ. ಆದ್ರೂ ಕಟ್ಟಿಸಿದ.”

ದಂಡೆಯ ಮೇಲಿಂದ ಬೀರಣ್ಣ ಕೂಗಿ ಕೇಳಿದ: “ಅಕ್ಕೋರ, ಕುರಿ ಮನಿ ಕಡಿ ಹೊಡೀಲೇನ್ರಿ?”

“ದೋರನಹಳ್ಳಿ ಕಡಿ ಹೊಡಿ,” ಎಂದು ಸುಂದ್ರಮ್ಮ ಕಂಬಳಿ ಝಾಡಿಸಿದರು.